ಮಾಟೆ ಕೊಡುವ ಹೆಂಗಸು

ದುರಾಸ್ನೊ ಊರಿಗೆ ಈಗ ಬಯಾಸ್ಕೋಪು ಬಂದಿದೆ. ಗೋಡೆಗೆ ಬಿಳಿ ಬಟ್ಟೆ ಕಟ್ಟುತ್ತಾರೆ, ದೀಪ ಆರಿಸುತ್ತಾರೆ, ಬಟ್ಟೆಯ ಮೇಲೆ ಜನ ಗಡಿಬಿಡಿಯಿಂದ ಓಡಾಡುತ್ತಾರೆ. ಮೊದಲ ದಿನ ಊರಿಗೆ ಊರೇ ನುಗ್ಗಿತ್ತು. ಮುದುಕಿ ನಿಕನೋರಾಳನ್ನೂ ಪಕ್ಕದ ಮನೆಯವರು ಕೈ ಹಿಡಿದು ಕರೆದುಕೊಂಡು ಹೋದರು. ಬಟ್ಟೆಯ ಮೇಲೆ ಒಂದು ಮನೆಗೆ ಬೆಂಕಿ ಬಿತ್ತು. ಜನ ಹೋ ಎಂದು ಎದ್ದು ನಿಂತರು. ನಿಕನೋರಾಳೂ ಎದ್ದಳು, ಆದರೆ ಶಾಲು ಹೊದ್ದುಕೊಂಡು ಬಾಗಿಲ ಕಡೆ ಹೊರಟಳು.

"ಯಾಕಜ್ಜಿ, ಹಿಡಿಸ್ಲಿಲ್ವಾ?" ಎಂದು ಪಕ್ಕದ ಮನೆಯ ಸೊಸೆ ಕೇಳಿದಳು.

"ಚೆನ್ನಾಗೇ ಇದೆ ಮಗಾ. ಚಳಿ ಆಗ್ತಿದೆ. ಮನೆಗೆ ಹೋಗಿ ಬೆಂಕಿ ಹತ್ರ ಕೂತ್ಕೋತೀನಿ."

ಅವಳು ಇರುವುದೇ ಹಾಗೆ. ಬಾಕಿ ಯಾವ ವಿಷಯದಲ್ಲಾದರೂ ಅವಳ ಕಣ್ಣಿಗೆ ಮಣ್ಣೆರಚಬಹುದು, ಬೆಂಕಿಯ ವಿಷಯದಲ್ಲಿ ಆಗದು. ಪ್ರಾಯದಲ್ಲಿ ಏಳೆಂಟು ವರ್ಷ ಅವಳು ಬೆರೂತಿ ಸರ್ಕಸ್ಸಿನ ಕಣದ ನಡುವೆ, ಸಾವಿರ ಜನರ ಕಣ್ಣೆದುರಿಗೆ, ನಿಜವಾದ ಬೆಂಕಿಯ ಪಕ್ಕ ಕೂತವಳು. ಊರಿನಲ್ಲಿ ಅವಳನ್ನು ಬೆಂಕಿ ನಿಕನೋರಾ ಎನ್ನುವುದು ಅದಕ್ಕೇ. ಬಾಯಿ ಜೋರಿರಬೇಕು ಎಂದುಕೊಂಡು ಹೊಸಬರು ಹೆದರುತ್ತಾರೆ. ಪಾಪ, ಅವಳಷ್ಟು ಕಡಿಮೆ ಮಾತಿನ ಹೆಂಗಸನ್ನು ಊರ ಪಕ್ಕದ ಯೀ ಎಂಬ ಹೊಳೆಯ ಈ ದಡದಲ್ಲೂ ಆ ದಡದಲ್ಲೂ ಹುಡುಕಿದರೆ ಸಿಗಲಿಕ್ಕಿಲ್ಲ.

ಈಗಿನವರಿಗೆ ಆಗಿನ ಸರ್ಕಸ್ಸಿನ ಗಮ್ಮತ್ತು ಹೇಳಿದರೆ ಅರ್ಥವಾಗುವುದಿಲ್ಲ, ಆದರೂ ಹೇಳದೆ ಇರಲಾಗುವುದಿಲ್ಲ. ಉರುಗ್ವೆಯ ಬಯಲಿನಲ್ಲಿ ಆಗ ದೂರದಲ್ಲಿ ಧೂಳೆದ್ದರೆ ಸಾಕು, ಊರಿನ ನಾಯಿಗಳಿಗೆ ಮೊದಲು ತಿಳಿಯುತ್ತಿತ್ತು. ಆಮೇಲೆ ಎತ್ತಿನ ಗಾಡಿಗಳ ಕಿರಿಗುಟ್ಟುವ ಸದ್ದು, ಆಮೇಲೆ ಒಡಕು ಕಹಳೆ. ಸರ್ಕಸ್ಸಿನ ಯಜಮಾನ ದೋನ್ ಅನ್ಸೆಲ್ಮೊ ಬೆರೂತಿ ಮುಖಕ್ಕೆ ಹಿಟ್ಟು ಬಳಿದುಕೊಂಡು, ಕತ್ತೆಯ ಮೇಲೆ ಹಿಂದುಮುಂದಾಗಿ ಕೂತು, ಬಾಲವನ್ನೇ ಲಗಾಮು ಮಾಡಿ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದ. ಆಟಕ್ಕೆ ಕುರ್ಚಿ ಮನೆಯಿಂದಲೇ ತರಬೇಕು. ಸಂಜೆಯಾದರೆ ಹೆಂಗಸರು ತಲೆಯ ಮೇಲೆ ಕುರ್ಚಿ ಹೊತ್ತು, ಗಂಡಸರು ಬೆಂಚು ಹೊತ್ತು ಸಾಲುಸಾಲಾಗಿ ಡೇರೆಯ ಕಡೆ ನಡೆಯುವುದನ್ನು ನೋಡಿದರೆ ಊರು ಗುಳೆ ಹೊರಟಿದೆ ಎನ್ನಬೇಕು. ಮರುದಿನ ಯಾರ ಮನೆಯಲ್ಲಿ ಯಾರ ಕುರ್ಚಿ ಇದೆ ಎಂಬುದು ತೀರ್ಮಾನವಾಗಲು ಅರ್ಧ ದಿನ ಬೇಕಾಗುತ್ತಿತ್ತು. ಜಗಳದಲ್ಲೂ ಒಂದು ಸುಖವಿತ್ತು ಆಗ.

ಮೊದಲರ್ಧ ಹಗ್ಗದ ನಡಿಗೆ, ಕುದುರೆಯ ಕುಣಿತ, ಕೋಡಂಗಿತನ. ಯಜಮಾನನ ಹೆಂಡತಿ ದೋನ್ಯಾ ಅಸುಂತಾ ಹಗ್ಗದ ಮೇಲೆ ಕೊಡೆ ಹಿಡಿದು ನಡೆದರೆ ಕೆಳಗೆ ಕೂತವರ ಉಸಿರು ನಿಲ್ಲುತ್ತಿತ್ತು. ಎರಡನೆಯ ಅರ್ಧ ನಾಟಕ. ನ್ಯಾಯಾಧೀಶನೊಬ್ಬನ ದುಷ್ಟತನದಿಂದ ಮನೆಮಠ ಕಳೆದುಕೊಂಡು ಪೊಲೀಸರ ಕೈಗೆ ಸಿಗದೆ ಅಲೆಯುವ ಬಯಲಿನ ಸವಾರನೊಬ್ಬನ ಕಥೆ. ಹಿಟ್ಟು ತೊಳೆದುಕೊಂಡು, ಗಡ್ಡ ಅಂಟಿಸಿಕೊಂಡು, ಆ ಸವಾರನಾಗುತ್ತಿದ್ದವನೂ ದೋನ್ ಅನ್ಸೆಲ್ಮೊನೇ. ಕಣದ ಮಣ್ಣಿನ ಮೇಲೆ ನಿಜವಾದ ಕುದುರೆ ಓಡುತ್ತಿತ್ತು. ನಡುವೆ ಬೆಂಕಿ ಹಾಕಿ, ಕಬ್ಬಿಣದ ಸಲಾಕೆಗೆ ಕುರಿಯ ಪಕ್ಕೆ ಚುಚ್ಚಿ ನಿಲ್ಲಿಸುತ್ತಿದ್ದರು. ಅದರ ವಾಸನೆ ಡೇರೆಯ ತುಂಬ ಹರಡುವ ಹೊತ್ತಿಗೆ ಸವಾರ ದಣಿದು ಬಂದು ಬೆಂಕಿಯ ಬಳಿ ಕೂರುತ್ತಾನೆ. ಹೆಂಗಸೊಬ್ಬಳು ಅವನಿಗೆ ಸೋರೆಬುರುಡೆಯಲ್ಲಿ ಎಲೆಪುಡಿ ನೆನೆಸಿ ಕೊಳವೆಯಿಂದ ಹೀರುವ ಮಾಟೆ ಕೊಡುತ್ತಾಳೆ, ಕೊಡುತ್ತಾ ಕೊಡುತ್ತಾ ಅವನ ಹೆಂಡತಿ ತೀರಿಕೊಂಡ ಸುದ್ದಿ ಹೇಳುತ್ತಾಳೆ. ಅವನು ಅಳುತ್ತಾನೆ. ಡೇರೆಗೆ ಡೇರೆಯೇ ಅಳಬೇಕು.

ಆದರೆ ಜನ ಅಳುತ್ತಿರಲಿಲ್ಲ, ನಗುತ್ತಿದ್ದರು. ಕಾರಣ ದೋನ್ಯಾ ಅಸುಂತಾ. ಅವಳ ಪಾದಕ್ಕಿದ್ದ ಹದ ಅವಳ ಕೈಗಿರಲಿಲ್ಲ. ಇಟಲಿಯಿಂದ ಬಂದ ಮನೆತನ, ಮಾಟೆಯ ಗಂಧಗಾಳಿ ಇಲ್ಲ. ಸೋರೆಬುರುಡೆಯ ತುಂಬ ಎಲೆಪುಡಿ ಸುರಿದು, ಕೊತಕೊತ ಕುದಿಯುವ ನೀರನ್ನು ಗಿಡಕ್ಕೆ ಹಾಕಿದಂತೆ ಹಾಕುತ್ತಿದ್ದಳು. ಹೀರುವ ಕೊಳವೆ ಕಟ್ಟಿಕೊಳ್ಳುತ್ತಿತ್ತು. ಹೆಂಡತಿ ಸತ್ತ ಸುದ್ದಿ ಕೇಳುತ್ತಾ ದೋನ್ ಅನ್ಸೆಲ್ಮೊ ಕೆನ್ನೆ ಒಳಗೆಳೆದುಕೊಂಡು ಹೀರುವುದನ್ನು ನೋಡಿ ಯಾರು ತಾನೇ ಅತ್ತಾರು? ಒಂದು ಸಂಜೆ ಹಿಂದಿನ ಸಾಲಿನಿಂದ ಒಬ್ಬ ಕೂಗಿಯೇಬಿಟ್ಟ.

"ದೋನ್ಯಾ, ಮಾಟೆ ಕೊಡ್ತಿದೀರೋ, ಬಟ್ಟೆ ಒಗೀತಿದೀರೋ?"

ಆಟ ಮುಗಿದ ಮೇಲೆ ಪರದೆಯ ಹಿಂದೆ ಗಂಡಹೆಂಡಿರಿಗೆ ಹತ್ತಿಕೊಂಡಿತು.

"ಹೆಂಡ್ತಿ ಸತ್ತಳು ಅಂತ ನಾನು ಎದೆ ಬಡ್ಕೊಂಡು ಅಳ್ತಿದ್ರೆ ಜನ ಹೊಟ್ಟೆ ಹಿಡ್ಕೊಂಡು ನಗ್ತಾರಲ್ಲೇ. ನನ್ನ ಮಾನ ಏನಾಗ್ಬೇಕು?"

"ನಂಗೆ ಹಗ್ಗದ ಮೇಲೆ ನಡಿಯೋಕೆ ಬರುತ್ತೆ, ನಡೀತೀನಿ. ನಿಮ್ಮ ಈ ಸೊಪ್ಪಿನ ನೀರು ನಮ್ಮಪ್ಪನ ಮನೇಲಿ ಯಾರೂ ಮುಟ್ತಿರ್ಲಿಲ್ಲ. ಅಡಿಗೆಯೋಳ್ನ ಕೂರಿಸ್ಕೋ, ಹೋಗು."

ಅಡಿಗೆಯವಳು ಎಂದರೆ ನಿಕನೋರಾ. ಯೀ ಹೊಳೆಯ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವಳ ಮಗಳು. ತಾಯಿ ತೀರಿಕೊಂಡ ವರ್ಷ ಸರ್ಕಸ್ಸು ದುರಾಸ್ನೊಗೆ ಬಂದಿತ್ತು, ಅಡಿಗೆಗೆ ಜನ ಬೇಕಿತ್ತು, ಇವಳು ಗಾಡಿ ಹತ್ತಿದಳು. ಅಂದಿನಿಂದ ಡೇರೆಯ ಹಿಂದಿನ ಒಲೆಯೇ ಅವಳ ಲೋಕ. ಮುಂದೆ ಚಪ್ಪಾಳೆ ಬೀಳುವುದು ಕೇಳುತ್ತಿತ್ತು, ಯಾವುದಕ್ಕೆ ಬಿತ್ತೆಂದು ನೋಡಲು ಪುರುಸೊತ್ತಿರಲಿಲ್ಲ.

"ನಾನು ಏನು ಮಾತಾಡ್ಬೇಕು ದೋನ್ ಅನ್ಸೆಲ್ಮೊ?" ಎಂದು ಅವಳು ಹೆದರಿಕೊಂಡೇ ಕೇಳಿದಳು.

"ಒಂದಕ್ಷರನೂ ಬೇಡ. ಸಾವಿನ ಸುದ್ದೀನ ಅಸುಂತಾ ಓಡಿ ಬಂದು ಹೇಳ್ತಾಳೆ. ನೀನು ದಿನಾ ನಮಗೆ ಕೊಡೋ ಹಾಗೆ ಕೊಡ್ತಾ ಇರು, ಅಷ್ಟೆ."

ಮರುಸಂಜೆ ಅವಳು ಒಲೆಯ ಮುಂದಿನ ಏಪ್ರನ್ನಿನಲ್ಲೇ ಹೋಗಿ ಕೂತಳು. ಜನರನ್ನು ನೋಡಲು ಧೈರ್ಯ ಸಾಲದೆ ಬುರುಡೆಯನ್ನೇ ನೋಡಿದಳು. ಎಲೆಪುಡಿಯನ್ನು ಒಂದು ಮಗ್ಗುಲಿಗೆ ಒರಗಿಸಿದಳು. ಖಾಲಿ ಮಗ್ಗುಲಿಗೆ ಉಗುರುಬೆಚ್ಚನೆಯ ನೀರು ಬಿಟ್ಟು ಎಲೆ ನೆನೆಯುವವರೆಗೆ ಕಾದಳು. ಕೊಳವೆ ಇಳಿಸಿದಳು. ಕೆಟಲ್ಲು ಕುದಿಯುವ ಮುಂಚೆ ಒಳಗೊಳಗೇ ಗೊಣಗುತ್ತದಲ್ಲ, ಆ ಹೊತ್ತಿಗೆ ಸರಿಯಾಗಿ ಕೆಳಗಿಳಿಸಿದಳು. ಮೊದಲ ಬುರುಡೆಯನ್ನು ಪದ್ಧತಿಯಂತೆ ತಾನೇ ಕುಡಿದು, ಎರಡನೆಯದನ್ನು ಸವಾರನಿಗೆ ನೀಡಿದಳು. ಅಷ್ಟೂ ಹೊತ್ತು ಡೇರೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಲ್ಲಿ ಕೂತವರೆಲ್ಲ ತಮ್ಮ ತಾಯಿಯ ಕೈಯನ್ನೋ ಅಕ್ಕನ ಕೈಯನ್ನೋ ನೋಡುತ್ತಿದ್ದರು. ಆಮೇಲೆ ಅಸುಂತಾ ಓಡಿ ಬಂದು ಸುದ್ದಿ ಹೇಳಿದಾಗ ಬಿಕ್ಕುವ ಸದ್ದು ಎಲ್ಲ ಸಾಲುಗಳಿಂದಲೂ ಕೇಳಿತು. ದೋನ್ ಅನ್ಸೆಲ್ಮೊಗೆ ಖುಷಿಗೆ ಅಳುವೇ ಬರಲಿಲ್ಲವಂತೆ.

ಅಲ್ಲಿಂದ ಮುಂದೆ ಊರೂರಿನ ಗೋಡೆಗೆ ಅಂಟಿಸುವ ಕಾಗದದಲ್ಲಿ, ಎಲ್ಲರ ಹೆಸರಿನ ಕೆಳಗೆ, ಕುದುರೆಗಳ ಹೆಸರಿಗೂ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿತು: 'ಮಾಟೆ ಕೊಡುವ ಹೆಂಗಸು'. ಹೆಸರಿರಲಿಲ್ಲ. ನಾಟಕದಲ್ಲೂ ಸವಾರ ಅವಳನ್ನು ಬರೀ 'ಅಕ್ಕಾ' ಎನ್ನುತ್ತಿದ್ದ. ಅವಳಿಗೆ ಅದರ ಬೇಸರ ಇರಲಿಲ್ಲ. ಒಲೆಯ ಮುಂದೆ ಅವಳ ಕೈಯನ್ನು ಯಾರೂ ನೋಡಿದವರಲ್ಲ, ಇಲ್ಲಿ ಎಲ್ಲರೂ ನೋಡುತ್ತಿದ್ದರು. ಸಂಜೆ ಯಾವಾಗ ಆದೀತೋ ಎಂದು ಅವಳು ಬೆಳಗಿನಿಂದ ಕಾಯುವುದಕ್ಕೆ ಅಷ್ಟು ಸಾಕಿತ್ತು.

ತ್ರಿನಿದಾದ್ ಊರಿನಲ್ಲಿ ಆದದ್ದು ಇದು. ಬೆಂಕಿಯ ದೃಶ್ಯ ಶುರುವಾಗಿತ್ತು. ಮುಂದಿನ ಸಾಲಿನಿಂದ ಒಬ್ಬ ಎದ್ದ. ದನದ ಹಿಂಡುಗಳನ್ನು ಬಯಲಿನಿಂದ ರಾಜಧಾನಿಗೆ ಹೊಡೆದುಕೊಂಡು ಹೋಗುವ ಕೆಲಸದವನು ಎಂದು ಅವನ ಬೂಟಿನ ಧೂಳೇ ಹೇಳುತ್ತಿತ್ತು. ಕಂಕುಳಲ್ಲಿ ಒಣಗಿದ ಮುಳ್ಳುಮರದ ಗಟ್ಟಿ ಕೊರಡು. ಕಣದ ಅಂಚು ದಾಟಿ ಸೀದಾ ಬಂದ, ಹ್ಯಾಟು ತೆಗೆದ.

"ನಮಸ್ಕಾರ, ಬೆಂಕಿ ಹತ್ರ ಇರೋರಿಗೆಲ್ಲ."

ಕೊರಡನ್ನು ಬೆಂಕಿಗೆ ಒಡ್ಡಿ ಕುಕ್ಕರಗಾಲಲ್ಲಿ ಕೂತ. ಬೆಂಕಿ ಉರಿಯುತ್ತಿದೆ, ಮಾಟೆ ಸುತ್ತು ಬರುತ್ತಿದೆ. ಅಂಥ ಕಡೆ ದಾರಿಹೋಕ ಬಂದು ನಮಸ್ಕಾರ ಹೇಳಿ ಕೂತರೆ ಯಾಕೆ ಬಂದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಆದರೆ ಇದು ಸರ್ಕಸ್ಸಿನ ಕಣ. ದೋನ್ ಅನ್ಸೆಲ್ಮೊ ಗಡ್ಡದೊಳಗೇ ಪಿಸುಗುಟ್ಟಿದ.

"ಯಾರಯ್ಯಾ ನೀನು? ಇದು ನಾಟ್ಕ ಕಣಯ್ಯಾ."

"ಗೊತ್ತು ಸ್ವಾಮಿ. ನೀವು ನಾಟ್ಕ ಮಾಡ್ಕೊಳ್ಳಿ, ನಾನು ಸುಮ್ನೆ ಕೂತಿರ್ತೀನಿ."

ನಿಕನೋರಾ ಏನು ಮಾಡಬೇಕು? ಕೂತವನಿಗೆ ಕೊಡಬೇಕು. ಬುರುಡೆ ತುಂಬಿ ಅವನ ಕೈಗೆ ಕೊಟ್ಟಳು. ಅವನು ಕುಡಿದು ವಾಪಸು ಕೊಟ್ಟ, ಆದರೆ 'ಉಪಕಾರ' ಎನ್ನಲಿಲ್ಲ. ಮಾಟೆಯ ಕಟ್ಟಳೆ ಬಯಲಿನವರಿಗೆಲ್ಲ ಹಾಲಿನ ಜೊತೆಗೇ ಬಂದದ್ದು. ಕುಡಿದವನು ಉಪಕಾರ ಎಂದರೆ ಸಾಕು ಎಂದರ್ಥ, ಆ ಮಾತು ಬರುವವರೆಗೆ ಬುರುಡೆ ಅವನಿಗೆ ಸರದಿಯಂತೆ ಬರುತ್ತಲೇ ಇರಬೇಕು. ಅವನು ಹೇಳುತ್ತಿಲ್ಲ, ಅವಳು ನಿಲ್ಲಿಸುವಂತಿಲ್ಲ. ಅಸುಂತಾ ಸಾವಿನ ಸುದ್ದಿ ಇಟ್ಟುಕೊಂಡು ಪರದೆಯ ಸಂದಿಯಲ್ಲಿ ನಿಂತೇ ಇದ್ದಳು. ಜನಕ್ಕೆ ಮಾತ್ರ ಭಾರಿ ಖುಷಿ.

"ಲೌದೆಲೀನೊ, ಏಳ್ಬೇಡ ಕಣೋ," ಎಂದು ಅವನ ಜೊತೆಗಾರರು ಕೂಗಿದರು. ಅವನ ಹೆಸರು ನಿಕನೋರಾಳಿಗೆ ತಿಳಿದದ್ದು ಹಾಗೆ.

ಲೌದೆಲೀನೊ ದೋನ್ ಅನ್ಸೆಲ್ಮೊನ ಕಡೆ ಬಾಗಿ, ಕಿವಿಯಲ್ಲಿ ಹೇಳಿದಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. "ನಾಟ್ಕ ಅಂತ ಗೊತ್ತು. ಆದ್ರೂ ಒಂದ್ಮಾತು. ಪೊಲೀಸ್ನೋರು ಆ ಪರದೆ ಹಿಂದೆ ಚುಟ್ಟಾ ಸೇದ್ತಾ ನಿಂತಿದಾರೆ, ಬರುವಾಗ ನೋಡ್ದೆ. ನನ್ನ ಕುದುರೆ ಹೊರಗೇ ಕಟ್ಟಿದೀನಿ. ಬೇಕಾದ್ರೆ ತಗೊಂಡು ಹೋಗ್ಬಿಡಿ."

ಡೇರೆ ಬಿದ್ದುಹೋಗುವ ಹಾಗೆ ಚಪ್ಪಾಳೆ. ದೋನ್ ಅನ್ಸೆಲ್ಮೊ ಬೆವತುಹೋದ. ಕುದುರೆ ತೆಗೆದುಕೊಂಡರೆ ನಾಟಕ ಅಲ್ಲಿಗೇ ಮುಗಿಯಿತು, ಬೇಡ ಎಂದರೆ ಬಯಲಿನ ಜನ ಇವನೆಂಥ ದಡ್ಡ ಎನ್ನುತ್ತಾರೆ. ಆದರೆ ಮೂವತ್ತು ವರ್ಷ ಜನರ ಮುಂದೆ ಬಿದ್ದು ಎದ್ದವನು, ಅಷ್ಟಕ್ಕೆಲ್ಲ ಸೋಲುವವನಲ್ಲ. ಎದೆಯ ಮೇಲೆ ಕೈಯಿಟ್ಟ.

"ನಿನ್ನ ಮನಸ್ಸು ದೊಡ್ಡದು ಕಣಣ್ಣ. ಆದ್ರೆ ನನ್ನ ಪಾಪಕ್ಕೆ ನಿನ್ನ ಕುದುರೆಗೆ ಗುಂಡು ಬೀಳ್ಬಾರ್ದು."

ಈ ಮಾತು ಎಷ್ಟು ಗೆದ್ದಿತೆಂದರೆ ಮುಂದೆ ಎಲ್ಲ ಊರಿನಲ್ಲೂ, ಕುದುರೆ ಕೊಡುವವರು ಯಾರೂ ಇಲ್ಲದಿದ್ದರೂ, ಅವನು ಅದನ್ನು ಹೇಳುತ್ತಿದ್ದ. ಕೊನೆಗೆ ಲೌದೆಲೀನೊ ಕೊಳವೆಯನ್ನು ಒರೆಸಿ ಬುರುಡೆ ಹಿಂದಿರುಗಿಸಿ, ನಿಕನೋರಾಳ ಮುಖ ನೋಡಿ "ಉಪಕಾರ" ಎಂದ. ಹ್ಯಾಟು ಹಾಕಿಕೊಂಡು ಹೊರಟೇ ಹೋದ. ಹಿಂಡು ಊರಾಚೆ ಕಾಯುತ್ತಿತ್ತು.

ಅಂದಿನಿಂದ ಹಿಂಡಿನ ದಾರಿಯೂ ಸರ್ಕಸ್ಸಿನ ದಾರಿಯೂ ಎಲ್ಲೆಲ್ಲಿ ಕೂಡಿದವೋ ಅಲ್ಲೆಲ್ಲ ಅವನು ಬಂದ. ಸರಾಂದಿಯಲ್ಲಿ, ಸಾನ್ ಹೋಸೆಯಲ್ಲಿ, ಫ್ಲೊರಿದಾದಲ್ಲಿ. ಪ್ರತಿಸಲ ಕಂಕುಳಲ್ಲಿ ಒಂದು ಕೊರಡು, ಅದೇ ನಮಸ್ಕಾರ, ಅದೇ ಕುಕ್ಕರಗಾಲು. ಸರ್ಕಸ್ಸಿನವರ ಸೌದೆ ಹಸಿ, ಹೊಗೆ ಜಾಸ್ತಿ. ಅವನ ಕೊರಡು ಬಿದ್ದ ದಿನ ಬೆಂಕಿ ಹೊಗೆಯಿಲ್ಲದೆ ಉರಿಯುತ್ತಿತ್ತು, ಅವಳ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ಅದನ್ನು ಅವನು ಗಮನಿಸಿದ್ದ ಎಂಬುದು ಅವಳಿಗೆ ಗೊತ್ತಾಗಿತ್ತು. ಡೇರೆಯ ಹಿಂದೆ ಬಂದು ಮಾತಾಡಿಸಬಹುದಿತ್ತಲ್ಲ ಎನ್ನಬೇಡಿ. ಸಾವಿರ ಜನರ ಮುಂದೆ ಬೆಂಕಿಯ ಬಳಿ ಕೂರಲು ಅವನಿಗೆ ನಾಚಿಕೆಯಿರಲಿಲ್ಲ, ಅದು ದಾರಿಹೋಕನ ಹಕ್ಕು. ಒಬ್ಬ ಹೆಂಗಸಿನ ಬಿಡಾರದ ಮುಂದೆ ಹೋಗಿ ನಿಲ್ಲುವುದು ಬೇರೆ. ಅದಕ್ಕೆ ಅವನ ಕಾಲು ಏಳುತ್ತಿರಲಿಲ್ಲ.

"ನಿನ್ನ ಕೊರಡಿನೋನು ಈ ಸಲ ಬರ್ಲಿಲ್ವೇನೇ?" ಎಂದು ಅಸುಂತಾ ಚುಡಾಯಿಸುವಳು. "ಎಷ್ಟು ವರ್ಷ ಸೌದೆ ಹೊರ್ತಾನಂತೆ? ಇಷ್ಟೊತ್ತಿಗೆ ಒಂದು ಮನೆ ಕಟ್ಬಹುದಿತ್ತು ಅದ್ರಲ್ಲಿ."

"ಸುಮ್ನಿರಿ ದೋನ್ಯಾ," ಎಂದು ನಿಕನೋರಾ ಈರುಳ್ಳಿ ಹೆಚ್ಚುವಳು.

ಕೊನೆಯ ಸಲ ಫ್ಲೊರಿದಾದಲ್ಲಿ, ಏಳುವ ಮುಂಚೆ, ಅವನು ಬುರುಡೆಯನ್ನು ಕೈಯಲ್ಲೇ ಹಿಡಿದುಕೊಂಡು ತಡೆದ. ಅವಳೊಬ್ಬಳಿಗೇ ಕೇಳುವಂತೆ ಹೇಳಿದ.

"ಒಂದು ಮಾತು ಕೇಳೋದಿದೆ. ಮುಂದಿನ ಸಲ ಬಂದಾಗ ಕೇಳ್ತೀನಿ."

ಆ ಚಳಿಗಾಲ ಪೂರ್ತಿ ನಿಕನೋರಾ ಆ ಒಂದು ಮಾತಿನ ಜೊತೆ ಬಾಳಿದಳು. ಏನು ಕೇಳುತ್ತಾನೆ ಎಂಬುದರಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಹೂಂ ಎನ್ನಬೇಕೆಂದೂ ತೀರ್ಮಾನವಾಗಿತ್ತು. ಬೇಗ ಹೂಂ ಎಂದರೆ ಹಗುರವಾಗಿ ಕಂಡೇನೇ, ತಡ ಮಾಡಿದರೆ ಎದ್ದು ಹೋದಾನೇ ಎಂಬಲ್ಲಿಗೆ ಅವಳ ಯೋಚನೆ ಬಂದು ನಿಂತಿತ್ತು.

ಅಷ್ಟರಲ್ಲಿ ದೋನ್ ಅನ್ಸೆಲ್ಮೊಗೆ ಮಾಂಟೆವಿಡಿಯೊದ ಒಂದು ಥಿಯೇಟರಿನಿಂದ ಕರೆ ಬಂತು. ಬೇಸಿಗೆ ಪೂರ್ತಿ ಆಟ, ಮೆತ್ತನೆಯ ಕುರ್ಚಿ, ಗ್ಯಾಸಿನ ದೀಪ. ಕುರ್ಚಿ ಮನೆಯಿಂದ ಹೊತ್ತು ತರುವ ಜನರೇ ಇಲ್ಲದ ಕಡೆ ಎಂಥ ಆಟ ಎಂದು ಅವನಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಿಕನೋರಾಳಿಗೂ ಸಂತೋಷವೇ ಆಯಿತು. ಹಿಂಡುಗಳು ಕೊನೆಗೆ ಹೋಗಿ ಸೇರುವುದು ಮಾಂಟೆವಿಡಿಯೊ ಅಂಚಿನ ದನದ ಸಂತೆಗೆ. ಲೌದೆಲೀನೊ ಅಲ್ಲಿಗೆ ಬಂದೇ ಬರುತ್ತಾನೆ.

ಥಿಯೇಟರಿನ ಮ್ಯಾನೇಜರು ಬೆಂಕಿಯ ಮಾತು ಕೇಳಿ ತಲೆ ಮೇಲೆ ಕೈ ಹೊತ್ತ.

"ಹಲಗೆ ಮೇಲೆ ಬೆಂಕೀನಾ? ಮೇಲೆಲ್ಲ ಪರದೆ ಕಟ್ಟಿದೆ, ನಿಮಗೇನು ತಲೆ ಕೆಟ್ಟಿದ್ಯಾ?"

ಲಾಟೀನಿನ ಮೇಲೆ ಕೆಂಪು ಕಾಗದ ಮುಚ್ಚಿ, ಸುತ್ತ ನಾಲ್ಕು ಸೌದೆ ಜೋಡಿಸಿ, ಇದೇ ಬೆಂಕಿ ಎಂದರು. ಕುರಿಯ ಪಕ್ಕೆಯನ್ನು ರಟ್ಟಿನಲ್ಲಿ ಮಾಡಿ ಬಣ್ಣ ಬಳಿದರು. ಕಾವಲುಗಾರನ ಕೋಣೆಯಲ್ಲಿ ನೀರು ಕಾಯಿಸಿಕೊಂಡು ತರುತ್ತೇನೆ ಎಂದಳು ನಿಕನೋರಾ. ಅದೂ ಆಗಲಿಲ್ಲ. ಹಲಗೆಯ ಮೇಲೆ ನೀರು ಚೆಲ್ಲಿದರೆ ಕುದುರೆ ಜಾರುತ್ತದಂತೆ.

"ಬುರುಡೇಲಿ ಏನಿದೆ ಅಂತ ಗ್ಯಾಲರೀಲಿ ಕೂತೋನಿಗೆ ಕಾಣ್ಸುತ್ತಾ? ಖಾಲಿ ಕೊಡಿ. ನಟನೆ ಅಂದ್ರೆ ಅದೇ ಅಲ್ವಾ?" ಎಂದ ಮ್ಯಾನೇಜರು. ದೋನ್ ಅನ್ಸೆಲ್ಮೊ ಕತ್ತು ಅಲ್ಲಾಡಿಸಿದ. ಹಾಳು ಹಲಗೆ, ಹಾಳು ಪರದೆ. ಅಂದಿನಿಂದ ನಿಕನೋರಾ ಖಾಲಿ ಕೆಟಲ್ಲನ್ನು ಬಗ್ಗಿಸಿ ಖಾಲಿ ಬುರುಡೆಯನ್ನು ನೀಡಿದಳು, ದೋನ್ ಅನ್ಸೆಲ್ಮೊ ಗಾಳಿ ಹೀರಿ ಅತ್ತ. ಪಟ್ಟಣದವರು ರೇಷ್ಮೆ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಅವಳ ಕೈಗೆ ಮಾತ್ರ ಅದು ಯಾವತ್ತೂ ಒಗ್ಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನದ ಆಟ. ಕುದುರೆಗಳು ರಂಗಕ್ಕೆ ಹತ್ತಲೆಂದು ಕುರ್ಚಿಗಳ ನಡುವೆ ಹಲಗೆಯ ಇಳಿಜಾರು ಹಾಕಿದ್ದರು. ಬೆಂಕಿಯ ದೃಶ್ಯದ ಹೊತ್ತಿಗೆ ಆ ಇಳಿಜಾರಿನ ಮೇಲೆ ಬೂಟಿನ ಸದ್ದು ಕೇಳಿತು. ನಿಕನೋರಾ ತಲೆಯೆತ್ತದೆಯೇ ಗುರುತಿಸಿದಳು. ಒಗೆದು ಇಸ್ತ್ರಿ ಮಾಡಿದ ಅಂಗಿ, ಕೊರಳಿಗೆ ಹೊಸ ರುಮಾಲು, ಕಂಕುಳಲ್ಲಿ ಕೊರಡು.

"ನಮಸ್ಕಾರ, ಬೆಂಕಿ ಹತ್ರ ಇರೋರಿಗೆಲ್ಲ."

ಪಟ್ಟಣದವರು ಇದೂ ನಾಟಕವೆಂದುಕೊಂಡು ನಕ್ಕರು. ಲೌದೆಲೀನೊ ಕೂತು ಕೊರಡನ್ನು ಬೆಂಕಿಗೆ ಒಡ್ಡಲು ಹೋದ. ಕೈ ಹತ್ತಿರ ಬಂದಾಗ ಶಾಖ ತಾಗಲಿಲ್ಲ. ಕಾಗದವನ್ನು ನೋಡಿದ. ಕೊರಡನ್ನು ಮೆಲ್ಲಗೆ ಪಕ್ಕದಲ್ಲಿ ಇಟ್ಟ. ಕೂತವನಿಗೆ ಕೊಡಬೇಕು. ಎಷ್ಟೋ ವರ್ಷದ ರೂಢಿ, ತಲೆ ಯೋಚಿಸುವ ಮುಂಚೆ ನಿಕನೋರಾಳ ಕೈ ಮುಂದಾಯಿತು. ಕೆಟಲ್ಲು ಬಗ್ಗಿಸಿದಳು, ಬುರುಡೆ ನೀಡಿದಳು. ಅವನು ತೆಗೆದುಕೊಂಡು ಕೊಳವೆಗೆ ತುಟಿಯಿಟ್ಟ.

ಒಂದು ಹೆಣ್ಣು, ಬಂದು ಕೂತ ಗಂಡಿನ ಕೈಗೆ ಖಾಲಿ ಬುರುಡೆ ಕೊಟ್ಟರೆ ಏನೆಂದು ಬಯಲಿನಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ನನ್ನ ಬೆಂಕಿಯ ಬಳಿ ಬರಬೇಡ ಎಂದೇ. ಬೈದು ಕಳಿಸುವುದಕ್ಕಿಂತ ಕಡೆ.

ಅವನು ತಲೆಯೆತ್ತಿ ಅವಳನ್ನು ನೋಡಿದ. ಥಿಯೇಟರಿನವರ ಕಟ್ಟಳೆ ಇದು, ನನ್ನದಲ್ಲ ಎನ್ನಬೇಕಿತ್ತು ಅವಳು. ಅಷ್ಟು ಸಾಕಿತ್ತು. ಆದರೆ ಜನರೆದುರು ಒಂದಕ್ಷರವೂ ಆಡಿದವಳಲ್ಲ, ಆಡಬೇಡ ಎಂದೇ ಕೂರಿಸಿದ್ದರು. ಅತ್ತ ಅಸುಂತಾ ಓಡಿ ಬಂದು ಸಾವಿನ ಸುದ್ದಿ ಶುರುಮಾಡಿದ್ದಳು. ಅವನು ಕೊಳವೆಯನ್ನು ಒರೆಸಿ, ಬುರುಡೆಯನ್ನು ನಿಕನೋರಾಳ ಕೈಗಿಟ್ಟು, "ಉಪಕಾರ" ಎಂದ. ಇಳಿಜಾರು ಇಳಿದು ಹೋದ. ಜನ ಚಪ್ಪಾಳೆ ತಟ್ಟಿದರು.

ದೃಶ್ಯ ಮುಗಿದು ಪರದೆ ಬೀಳುವಷ್ಟರಲ್ಲಿ ಅವಳ ಕಣ್ಣು ತುಂಬಿ ಹರಿಯುತ್ತಿತ್ತು. ಅಸುಂತಾ ಅವಳ ತೋಳು ಹಿಡಿದಳು.

"ಕೊರಡಿನೋನಲ್ವಾ ಅವ್ನು? ಏನಂದ?"

"ಏನೂ ಅನ್ಲಿಲ್ಲ. ಖಾಲಿ ಬುರುಡೆ ಕೊಟ್ಬಿಟ್ಟೆ ದೋನ್ಯಾ."

ಇಷ್ಟು ವರ್ಷದಲ್ಲಿ ಅಸುಂತಾಳಿಗೂ ಮಾಟೆ ಮಾಡಲು ಬರದಿದ್ದರೂ ಮಾಟೆಯ ಅರ್ಥ ಬಂದಿತ್ತು. "ಅಯ್ಯೋ ಪುಣ್ಯಾತ್ಗಿತ್ತಿ," ಎಂದಳು. "ಇಲ್ಲಿ ನಿಂತು ಅತ್ರೆ ನೋಡೋಕೆ ಯಾರು ಟಿಕೆಟ್ ತಗೋತಾರೆ? ದನದ ಸಂತೇಲಿ ಇರ್ತಾನೆ, ಟ್ರಾಮ್ ಹತ್ತು. ಒಲೆ ನಾನು ನೋಡ್ಕೋತೀನಿ."

"ನಿಮ್ ಅಡಿಗೆ ಯಾರು ತಿಂತಾರೆ?"

"ಉಪವಾಸ ಇರ್ತಾರೆ ಬಿಡು. ಹೋಗು ನೀನು."

ನಿಕನೋರಾ ರಂಗದ ಮೇಲೆ ಹೋಗಿ ಕೊರಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ವೇಷದ ಲಂಗ, ಏಪ್ರನ್ನು, ಮುಖದ ಬಣ್ಣ ಯಾವುದನ್ನೂ ಕಳಚಲಿಲ್ಲ. ಕುದುರೆ ಎಳೆಯುವ ಟ್ರಾಮಿನಲ್ಲಿ ಜನ ಅವಳನ್ನೂ ಕೊರಡನ್ನೂ ನೋಡಿ ಪಕ್ಕಕ್ಕೆ ಸರಿದು ಕೂತರು. ಕೊನೆಯ ನಿಲ್ದಾಣದಿಂದ ಮುಂದೆ ಮಣ್ಣಿನ ದಾರಿ. ಬೇಸಿಗೆಯ ಹೊತ್ತು ದೊಡ್ಡದು. ಅವಳು ನಡೆದು ಹೋಗುವವರೆಗೂ ಸೂರ್ಯ ಕಾದ.

ದನದ ಸಂತೆಯ ಬಯಲಿನಲ್ಲಿ ಎಲ್ಲಿ ನೋಡಿದರಲ್ಲಿ ಬೆಂಕಿ. ಒಂದೊಂದು ಹಿಂಡಿನವರದು ಒಂದೊಂದು. ಪಟ್ಟಣಕ್ಕೆ ಬಂದ ಮೇಲೆ ಅವಳು ಕಟ್ಟಿಗೆಯ ಹೊಗೆಯ ವಾಸನೆ ಕುಡಿದಿರಲಿಲ್ಲ. ಅಲ್ಲಿ ನಿಂತು ಒಮ್ಮೆ ಎದೆ ತುಂಬ ಎಳೆದುಕೊಂಡಳು. ಒಂದೊಂದೇ ಬೆಂಕಿ ದಾಟುತ್ತಾ ಹೋದಳು. ಹಸಿ ಸೌದೆಯ ಹೊಗೆ, ಮತ್ತೊಂದು ಹಸಿ ಸೌದೆಯ ಹೊಗೆ, ಆಮೇಲೆ ಹೊಗೆಯಿಲ್ಲದೆ ಉರಿಯುವ ಒಂದು ಬೆಂಕಿ. ಅದರ ಸುತ್ತ ನಾಲ್ಕೈದು ಜನ, ಕೆಟಲ್ಲು ಹಿಡಿದ ಬಿಳಿ ಗಡ್ಡದ ಮುದುಕ, ಬೆನ್ನು ಮಾಡಿ ಕೂತ ಇಸ್ತ್ರಿ ಅಂಗಿ.

ಎಷ್ಟೋ ವರ್ಷ ಬೆಂಕಿಯ ಬಳಿ ಕೂತು ಬಂದವರಿಗೆ ಕೊಟ್ಟವಳು, ಇವತ್ತು ತಾನೇ ದಾರಿಹೋಕಳಾಗಿ ಬಂದು ನಿಂತಳು. ಬಾಯಿ ತೆರೆದಳು. ದನಿ ಬಂತು.

"ನಮಸ್ಕಾರ, ಬೆಂಕಿ ಹತ್ರ ಇರೋರಿಗೆಲ್ಲ."

ಲೌದೆಲೀನೊ ತಿರುಗಿ ನೋಡಿ ಗರಬಡಿದವನಂತೆ ಕೂತ. ಅವಳು ಕುಕ್ಕರಗಾಲಲ್ಲಿ ಕೂತು ಕೊರಡನ್ನು ಬೆಂಕಿಗೆ ಒಡ್ಡಿದಳು. ಅದು ಕ್ಷಣದಲ್ಲೇ ಹೊತ್ತಿಕೊಂಡಿತು.

"ಬನ್ನಿ ತಾಯಿ, ಕೂತ್ಕೊಳ್ಳಿ," ಎಂದ ಮುದುಕ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಸರದಿಯಂತೆ ಬುರುಡೆ ಕೊಟ್ಟ. ಅವಳು ಕುಡಿದು ಹಿಂದಿರುಗಿಸಿದಳು, ಉಪಕಾರ ಎನ್ನಲಿಲ್ಲ. ಮತ್ತೆ ಬಂತು, ಮತ್ತೆ ಕುಡಿದಳು, ಎನ್ನಲಿಲ್ಲ. ಉಳಿದವರೆಲ್ಲ ಒಬ್ಬೊಬ್ಬರಾಗಿ ಉಪಕಾರ ಎಂದು ಮುಗಿಸಿದರು. ಮುದುಕ ಅವಳನ್ನೊಮ್ಮೆ, ಲೌದೆಲೀನೊನನ್ನೊಮ್ಮೆ ನೋಡಿದ.

"ನನ್ನ ಕುದುರೆಗೆ ನೀರು ತೋರಿಸ್ಬೇಕು ಕಣಯ್ಯಾ. ನೀನು ಕೊಡ್ತಿರು," ಎಂದು ಕೆಟಲ್ಲನ್ನು ಅವನ ಕೈಗೆ ದಾಟಿಸಿ ಎದ್ದ. ಉಳಿದವರ ಕುದುರೆಗಳಿಗೂ ಅದೇ ಹೊತ್ತಿಗೆ ಬಾಯಾರಿತು.

ಲೌದೆಲೀನೊಗೆ ಕುಡಿದು ಗೊತ್ತೇ ಹೊರತು ಕೊಟ್ಟು ಗೊತ್ತಿರಲಿಲ್ಲ. ನೀರು ಕೊತಕೊತ ಕುದಿಯಿತು. ಬುರುಡೆಯ ತುಂಬ ಸುರಿದ, ಎಲೆಯೆಲ್ಲ ಮೇಲೆ ತೇಲಿತು. ಥೇಟು ಅಸುಂತಾಳ ಮಾಟೆ. ನಿಕನೋರಾ ತುಟಿ ಸುಟ್ಟುಕೊಂಡು ಪೂರ್ತಿ ಕುಡಿದು ಹಿಂದೆ ಕೊಟ್ಟಳು.

"ಸಾಕಾ?" ಎಂದ.

ಅವಳು ಕೆಟಲ್ಲಿನ ಕಡೆ ಕಣ್ಣು ತೋರಿಸಿದಳು. ಅವನು ಮತ್ತೆ ಸುರಿದ.

"ಆ ಬುರುಡೆ ಖಾಲಿ ಇತ್ತು," ಎಂದ ಬೆಂಕಿ ನೋಡುತ್ತಾ.

"ಅಲ್ಲಿ ನೀರು ಬಿಡೋದಿಲ್ಲ. ಎಲ್ಲರಿಗೂ ಖಾಲೀನೇ. ಯಜಮಾನ್ರಿಗೂ ಖಾಲೀನೇ."

"ಬೆಂಕೀನೂ ಕಾಗದದ್ದು."

"ಹೂಂ."

"ಮತ್ತೆ ಹೇಳ್ಬಾರ್ದಿತ್ತಾ?"

"ನಂಗೆ ಅಲ್ಲಿ ಮಾತಿಲ್ಲ."

ಅವನು ಕೆಟಲ್ಲು ಕೆಳಗಿಟ್ಟು ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಒಂದು ಮಾತು ಕೇಳೋದಿದೆ ಅಂದಿದ್ದೆ."

"ಕೇಳಿ," ಎಂದಳು. ಬೇಗ ಹೂಂ ಎನ್ನುವುದೋ ತಡ ಮಾಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.

"ಎಷ್ಟು ಊರಲ್ಲಿ ವಿಚಾರಿಸ್ದೆ, ಯಾರಿಗೂ ಗೊತ್ತಿಲ್ಲ. ಗೋಡೆ ಮೇಲಿನ ಕಾಗದ ಓದಿಸ್ದೆ, ಅದ್ರಲ್ಲೂ ಇಲ್ಲ. ನಿಮ್ಮ ಹೆಸ್ರೇನು?"

ಚಳಿಗಾಲ ಪೂರ್ತಿ ಕಾಪಾಡಿಟ್ಟ ಹೂಂ ಎಲ್ಲಿ ಹೋಯಿತೋ. ಅವಳಿಗೆ ನಗು ಬಂತು, ನಗುವಿನ ಜೊತೆ ಅಳುವೂ ಬಂತು. ಮುಖದ ಬಣ್ಣವನ್ನೆಲ್ಲ ಏಪ್ರನ್ನಿನಲ್ಲಿ ಒರೆಸಿಕೊಂಡು ಹೆಸರು ಹೇಳಿದಳು. ಅವನು ಅದನ್ನು ತನ್ನ ಬಾಯಲ್ಲಿ ಒಮ್ಮೆ ಹೇಳಿ ನೋಡಿದ. ಸರಿಯಾಗಿದೆ ಎಂದು ಅವಳು ತಲೆಯಾಡಿಸಿದಳು.

ದೋನ್ ಅನ್ಸೆಲ್ಮೊ ಹೋದ, ಅಸುಂತಾ ಹೋದಳು, ಡೇರೆಯ ಬಟ್ಟೆ ಯಾರ ಗಾಡಿಗೆ ಹೊದಿಕೆಯಾಯಿತೋ ಗೊತ್ತಿಲ್ಲ. ಲೌದೆಲೀನೊ ಕೂಡ ಹೋದ ವರ್ಷ ಹೋದ. ಆ ಸಂಜೆ ಕುಡಿದಷ್ಟು ಕೆಟ್ಟ ಮಾಟೆಯನ್ನು ತಾನು ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದು ನಿಕನೋರಾ ಈಗಲೂ ಹೇಳುತ್ತಾಳೆ. ಅವನು ಕೊನೆಯವರೆಗೂ ಹದ ಕಲಿಯಲಿಲ್ಲವಂತೆ. ದಿನಕ್ಕೊಂದು ಸಲ ತಾನೇ ಕೊಡುತ್ತೇನೆ ಎಂದು ಹಟ ಹಿಡಿಯುತ್ತಿದ್ದನಂತೆ, ಇವಳು ತುಟಿ ಸುಟ್ಟುಕೊಂಡು ಕುಡಿಯುತ್ತಿದ್ದಳಂತೆ. ಉಪಕಾರ ಎಂದು ಮಾತ್ರ ಅವನಿಗೆ ಅವಳು ಒಂದು ದಿನವೂ ಹೇಳಲಿಲ್ಲ.